ಬೀಗದ ಕೈ ಜೇಬಲ್ಲಿ, ಸಾಹೇಬರು ಬಸ್ಸಲ್ಲಿ

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ, ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಲಿನಕ್ಸ್ ಕರ್ನೆಲ್ ರಿಪೇರಿ ಮಾಡುವವನು. ಹಬ್ಬಕ್ಕೆಂದು ಕಣಕಟ್ಟೆಗೆ ಬಂದವನು ಒಬ್ಬಟ್ಟು ತಿಂದು ಮಲಗುವುದು ಬಿಟ್ಟು, ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಕಡತದೊಳಗೆ ಸೊನ್ನೆ ಬರೆಯುತ್ತಾನೆ, ಒಂದು ಬರೆಯುತ್ತಾನೆ, ಮತ್ತೆ ಸೊನ್ನೆ ಬರೆಯುತ್ತಾನೆ. ಬೆಳಗಿನಿಂದ ಇದೇ. ಸೊನ್ನೆ ಬರೆದರೆ ಯಂತ್ರದೊಳಗಿನ ಒಂದು ಪ್ರೊಸೆಸರ್ ಕೆಲಸ ಬಿಟ್ಟು ಎದ್ದು ಹೋಗುತ್ತದಂತೆ, ಒಂದು ಬರೆದರೆ ವಾಪಸ್ ಬಂದು ಕೂರುತ್ತದಂತೆ. ಯಂತ್ರ ಮಾತ್ರ ನಿಲ್ಲಬಾರದು. ಇದಕ್ಕೆ ಹಾಟ್‌ಪ್ಲಗ್ ಅನ್ನುತ್ತಾರೆ. ಉಳುತ್ತಿರುವಾಗಲೇ ನೊಗದಿಂದ ಒಂದು ಎತ್ತು ಬಿಚ್ಚುವ ವಿದ್ಯೆ.

"ಸಾವಿರ ಸಲ ಬಿಚ್ಚಿದ್ರೆ ಒಂದ್ಸಲ ಮುಗ್ಗರಿಸುತ್ತೆ ಮಾವ. ಆ ಒಂದ್ಸಲ ಯಾಕೆ ಅಂತ ಹಿಡೀಬೇಕು" ಅಂದ.

ನಾನು ಹಿಂದಿನ ದಿನವಷ್ಟೇ ಒಂದು ಕಚೇರಿಗೆ ಹದಿನಾಲ್ಕನೇ ಸಲ ಹೋಗಿ ಬಂದಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ಹದಿನೈದನೇ ಸಲ ಹೋಗುವುದಿದೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು, ತೆಂಗಿನ ತೋಟದ ಪೌತಿ ಖಾತೆ ಆಗಿಲ್ಲ. ಕಡತ ಬೀರುವಿನಲ್ಲಿದೆ. ಬೀರುವಿಗೆ ಬೀಗವಿದೆ. ಬೀಗದ ಕೈ ಹಳೇ ಸಾಹೇಬರ ಜೇಬಿನಲ್ಲಿದೆ. ಹಳೇ ಸಾಹೇಬರು ವರ್ಗವಾಗಿ ಬಸ್ ಹತ್ತಿದ್ದಾರೆ. ಹೊಸಬರು ಬಂದಿದ್ದಾರೆ, ಆದರೆ "ಚಾರ್ಜ್ ತಗೊಂಡಿಲ್ಲ".

ಇದನ್ನು ಹೇಳಿದ್ದೇ ತಡ, ಹುಡುಗ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. "ಮಾವ, ಇದು ನಮ್ಮ ಬಗ್ಗೇ!" ಅವನು ಹೇಳಿದ್ದು ಇಂಗ್ಲಿಷಿನ ಬಗ್ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಕರ್ನೆಲ್ ಮೆಮೊರಿ ಹಂಚುವುದು ನಮ್ಮ ಅಜ್ಜಂದಿರು ರಾಗಿ ಹಂಚಿದ ಹಾಗೇ. ಊರ ಹೆಸರಲ್ಲೇ ಕಣ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣದಿಂದ ಬಂದ ರಾಗಿಯೆಲ್ಲ ಹಗೇವಿಗೆ. ಆದರೆ ಪಾವು ರಾಗಿಗೆಲ್ಲ ಹಗೇವಿನ ಬಾಯಿ ತೆಗೆಯುತ್ತಾರೆಯೇ? ಒಳಮನೆಯಲ್ಲಿ ಗುಡಾಣ ಇರುತ್ತದೆ. ಹಾಗೆ ಪ್ರತಿ ಪ್ರೊಸೆಸರಿನ ಕೈಗೆಟುಕುವಲ್ಲಿ ಒಂದೊಂದು ಗುಡಾಣ. ನಮ್ಮದು ಪಾವು, ಅಚ್ಚೇರು, ಸೇರು. ಕರ್ನೆಲ್ಲಿನವರದು 8, 16, 32, 64 ಬೈಟು. ಒಂದೇ ಅಳತೆಯ ಸಾಮಾನು ಒಂದೇ ಕಡೆ ಎಂಬ ಈ ಅಚ್ಚುಕಟ್ಟನ್ನು ಸ್ಲ್ಯಾಬ್ ಎಂದು ಕರೆದು 1994ರಲ್ಲಿ ಸನ್ ಕಂಪನಿಯ ಜೆಫ್ ಬಾನ್ವಿಕ್ ಪ್ರಬಂಧ ಬರೆದ. ನಮ್ಮಜ್ಜಿ ಬರೆಯಲಿಲ್ಲ, ಅವಳಿಗೆ ಪುರುಸೊತ್ತಿರಲಿಲ್ಲ.

ಪ್ರೊಸೆಸರ್ ಎದ್ದು ಹೋಗುವಾಗ ತನ್ನ ಗುಡಾಣದಲ್ಲಿ ಉಳಿದದ್ದನ್ನು ಹಗೇವಿಗೆ ಸುರಿಸಿ ಹೋಗಬೇಕು. ಸುರಿಯದಿದ್ದರೆ ಆ ಮೆಮೊರಿ ಇದೆ, ಆದರೆ ಯಾರಿಗೂ ಇಲ್ಲ. ನನ್ನ ತೋಟದ ಹಾಗೆ.

ಅವರಲ್ಲಿ ಪ್ರೊಸೆಸರಿಗೆ ಮುಖ್ಯವಾಗಿ ಮೂರು ಪಟ್ಟಿಗಳಿವೆ: ಎಂದಾದರೂ ಬರಬಹುದಾದವು, ಬಂದಿರುವವು, ಕೆಲಸಕ್ಕೆ ಕೂತಿರುವವು. ಕೆಲವು ವರ್ಚುವಲ್ ಯಂತ್ರಗಳಲ್ಲಿ ಕೂತಿರುವುದು ಎರಡೇ, ಬರಬಹುದಾದವು 128. ಅಷ್ಟಕ್ಕೂ ಮೊದಲೇ ಮೆಮೊರಿ ತೆಗೆದಿಟ್ಟಿರುತ್ತಾರೆ. ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಇವತ್ತು ಸೀಟಿನಲ್ಲಿರುವವರು ಎಂಬ ನಮ್ಮ ಲೆಕ್ಕವನ್ನು ಇಷ್ಟು ನಿಷ್ಠೆಯಿಂದ ಯಾರು ನಕಲು ಮಾಡಿದರೋ! ಓಓಡಿ ಮೇಲೆ ಬೇರೆ ಕಚೇರಿಗೆ ಹೋದವರಿಗೆ ಮಾತ್ರ ಅವರಲ್ಲಿ ಪಟ್ಟಿ ಇಲ್ಲ. ಹುಡುಗರು, ಅನುಭವ ಸಾಲದು.

ಇನ್ನೊಂದು ಕಟ್ಟಳೆ ಕೇಳಿ. ಪ್ರೊಸೆಸರ್ ಹೊರಡುವಾಗಿನ ಒಂದು ಘಟ್ಟದಲ್ಲಿ ಇಂಟರಪ್ಟುಗಳನ್ನು, ಅಂದರೆ ನಡುವೆ ಬಂದು ಕರೆಯುವ ಕರೆಗಳನ್ನೆಲ್ಲ ಮುಚ್ಚಿರುತ್ತಾರೆ, ಆಗ ನಿದ್ದೆ ಮಾಡಬಾರದು. ಮೆಮೊರಿ ಕೇಳಿ, ಅದು ಇಲ್ಲವೆಂದು ಕಾಯುತ್ತಾ ತೂಕಡಿಸಿದರೂ ತಪ್ಪು. ತೂಕಡಿಸಬಹುದಾದ ಕೆಲಸ ಕರೆದರೇ ಸಾಕು, ತಪಾಸಣೆ ಹಾಕಿಟ್ಟ ಕರ್ನೆಲ್ ದೊಡ್ಡಕ್ಷರದಲ್ಲಿ ಬಗ್ ಎಂದು ಅಚ್ಚು ಹಾಕಿ, ಯಾರು ಯಾರನ್ನು ಕರೆದು ಇಲ್ಲಿಗೆ ಬಂತು ಎಂಬುದನ್ನು ಸಾಲಾಗಿ ಬರೆದಿಡುತ್ತದೆ. ಮಧ್ಯಾಹ್ನ ಎರಡೂವರೆಗೆ ಆ ಕಚೇರಿಯಲ್ಲಿ ಇಂಥದ್ದೊಂದನ್ನು ಓಡಿಸಿದರೆ ಕಾಗದ ಸಾಲದು.

ಬೀಗದ ಕಥೆ ಅವರಲ್ಲೂ ಆಗಿದೆ. 2012ರ ಅಕ್ಟೋಬರ್. ಒಂದು ಗುಡಾಣವನ್ನೇ ತೆಗೆದುಹಾಕಲು ಹೊರಟ ಕೆಲಸ ಸ್ಲ್ಯಾಬಿನ ಬೀಗ ಹಿಡಿದು, ಹಾಟ್‌ಪ್ಲಗ್ಗಿನ ಬೀಗಕ್ಕೆ ಕೈ ಚಾಚುತ್ತದೆ. ಪ್ರೊಸೆಸರನ್ನು ಏಳಿಸಲು ಕೂರಿಸಲು ಹೊರಟ ಕೆಲಸ ಹಾಟ್‌ಪ್ಲಗ್ಗಿನ ಬೀಗ ಹಿಡಿದು, ಸ್ಲ್ಯಾಬಿನದಕ್ಕೆ ಕೈ ಚಾಚುತ್ತದೆ. ಮೇಲ್ನೋಟಕ್ಕೆ ಇಬ್ಬರೂ ಬಿಡುವವರಲ್ಲ. "ಅವರ ಸಹಿ ಆಗಲಿ, ನಾನು ಹಾಕ್ತೀನಿ" ಎಂದು ಈ ಮೇಜು, "ಅವರು ಹಾಕ್ಲಿ, ನಾನು ಹಾಕ್ತೀನಿ" ಎಂದು ಆ ಮೇಜು. ನನಗೆ ಎದೆ ತುಂಬಿ ಬಂತು, ಸ್ವಂತ ಊರಿನ ಸುದ್ದಿ ಕೇಳಿದ ಹಾಗೆ.

ಆದರೆ ಅಲ್ಲಿ ಲಾಕ್‌ಡೆಪ್ ಎಂಬ ಕಾವಲುಗಾರನಿದ್ದಾನೆ, 2006ರಿಂದ ಸೇವೆಯಲ್ಲಿ. ಜಗಳ ಆದ ಮೇಲೆ ಬರುವವನಲ್ಲ ಇವನು. ಯಾರು ಯಾವ ಬೀಗ ಹಿಡಿದು ಯಾವುದನ್ನು ಕೇಳಿದರು ಎಂದು ಗುರುತಿಟ್ಟುಕೊಂಡು, "ಇಂದು ಆಗಿಲ್ಲ, ಆದರೆ ಹೀಗೇ ನಡೆದರೆ ಒಂದು ದಿನ ಸಿಕ್ಕಿಹಾಕಿಕೊಳ್ಳುತ್ತೀರಿ" ಎಂದು ಮೊದಲೇ ಕೂಗುತ್ತಾನೆ. ಕೂಗಿದ. ಆ ಸಲದ್ದು ಹುಸಿ ಕೂಗು, ಆದರೂ ತಿದ್ದಿದರು. ಪರಿಹಾರವೂ ಸಣ್ಣದು: ಕಾಯಲು ಕೂರುವ ಮುಂಚೆ ಸ್ಲ್ಯಾಬಿನ ಬೀಗ ಬಿಟ್ಟುಬಿಡು, ಅಷ್ಟೇ. ಕೈಯಲ್ಲಿರುವುದನ್ನು ಬಿಟ್ಟು ಕಾಯಿರಿ ಎಂದು ನಮ್ಮ ಕಚೇರಿಯಲ್ಲಿ ಹೇಳಿ ನೋಡಿ, ಕುರ್ಚಿಯನ್ನೇ ಹಿಡಿದುಕೊಳ್ಳುತ್ತಾರೆ.

ಅವರದೆಲ್ಲ ನೆಟ್ಟಗಿದೆ ಎಂದೇನಲ್ಲ. ಒಂದು ಪ್ರೊಸೆಸರನ್ನು ಕಳಿಸಿಕೊಡಲು ಉಳಿದವೆಲ್ಲ ಒಂದು ಗಳಿಗೆ ಕೈ ಕಟ್ಟಿ ನಿಲ್ಲಬೇಕು, ಮಂತ್ರಿಗಳ ಕಾರು ಹೋಗುವಾಗ ಅರಸೀಕೆರೆಯ ರಸ್ತೆ ನಿಂತಂತೆ. ಇದು ಬೇಡವೆಂದು 2012ರ ಕೊನೆಯಲ್ಲಿ ಐಬಿಎಂನ ಶ್ರೀವತ್ಸ ಭಟ್ ತಿದ್ದುಪಡಿಗಳ, ಅಂದರೆ ಪ್ಯಾಚ್‌ಗಳ ದೊಡ್ಡ ಕಟ್ಟನ್ನೇ ಕಳಿಸಿದರು. ಒಳಗೆ ಸೇರಲಿಲ್ಲ, ಈಗಲೂ ನಿಂತೇ ಬೀಳ್ಕೊಡುತ್ತಾರೆ. 2016ರ ಸುಮಾರಿಗೆ ಕರ್ನೆಲ್ ಕೆಲಸಗಾರ ಥಾಮಸ್ ಗ್ಲೈಕ್ಸ್‌ನರ್ ಮತ್ತವರ ಜೊತೆಯವರು ಮಾಡಿದ್ದು ಬೇರೆ ಕೆಲಸ: ಬರುವಿಕೆ ಹೋಗುವಿಕೆಗೆ ಮೆಟ್ಟಿಲು ಕಟ್ಟಿದರು. ಹತ್ತುವಾಗ ಯಾವ ಮೆಟ್ಟಿಲಲ್ಲಿ ಏನು ವಹಿಸಿಕೊಂಡಿರೋ, ಇಳಿಯುವಾಗ ಅದನ್ನು ಕೊನೆಯದರಿಂದ ಶುರುಮಾಡಿ ಒಪ್ಪಿಸುತ್ತಾ ಇಳಿಯಬೇಕು.

ಅದರ ಮೇಲೆ ಪ್ರತಿ ತಿದ್ದುಪಡಿಗೂ ಮಾಡಿದವನ ಹೆಸರು. ಬೇಲೂರಿನ ಮದನಿಕೆಯ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿದ್ದಾರಲ್ಲ, ಹಾಗೆ. ಒಂಬೈನೂರು ವರ್ಷದ ಮೇಲೂ ಓದಲು ಬರುತ್ತದೆ. ನನ್ನ ಅರ್ಜಿಯ ಮೇಲಿರುವ ಸಹಿ ಎರಡು ವರ್ಷದ್ದು. ಯಾರದೆಂದು ಆ ಕಚೇರಿಯವರಿಗೇ ಓದಲಾಗುತ್ತಿಲ್ಲ.

ಸಂಜೆ ಕರೆಂಟು ಹೋದಾಗ ಹುಡುಗನಿಗೆ ಬಗ್ ಸಿಕ್ಕಿತ್ತು. ಎರಡು ಸಾಲು ಬದಲಿಸಿ, ಕೆಳಗೆ ತನ್ನ ಹೆಸರು ಬರೆದು ಕಳಿಸಿ, ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದ. ಹೋಗುವಾಗ ಕೊಟ್ಟಿಗೆಯ ಕೀ ಮರೆಯದೆ ಕೈಗೆ ಕೊಟ್ಟ.

ಇನ್ನೊಂದು ಕೀ ಬಾಕಿ ಇದೆ. ಹಿತ್ತಾಳೆಯದು, ಹಳದಿ ದಾರ ಕಟ್ಟಿದೆ, ಯಾವುದೋ ಸಾಹೇಬರ ಹಳೇ ಪ್ಯಾಂಟಿನ ಜೇಬಿನಲ್ಲಿರಬಹುದು. ಒಗೆಯಲು ಹಾಕುವಾಗ ಯಾರಿಗಾದರೂ ಸಿಕ್ಕರೆ ದಯವಿಟ್ಟು ಅರಸೀಕೆರೆಯಿಂದ ಕಣಕಟ್ಟೆಗೆ ಬರುವ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿ.