ಹಳೇ ಲ್ಯಾಪ್‌ಟಾಪಿಗೊಂದು ಕಾರಣ ಕೇಳಿ ನೋಟಿಸ್

ಗೆ,
ಶ್ರೀಮಾನ್ ಹಳೇ ಲ್ಯಾಪ್‌ಟಾಪ್ ಅವರು,
ಊಟದ ಮೇಜಿನ ಕೊನೆ, ಪ್ಲಗ್ ಪಾಯಿಂಟ್ ಪಕ್ಕ,
ಬಸವೇಶ್ವರನಗರ, ಬೆಂಗಳೂರು.

ವಿಷಯ: ಕರೆಂಟ್ ಹೋದಾಗಲೆಲ್ಲ 1 ಜನವರಿ 2012ಕ್ಕೆ ಹಾಜರಾಗುತ್ತಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಇದು 2012 ಅಲ್ಲ. ತಮ್ಮ ಲೆಕ್ಕದಲ್ಲಿ ನಮ್ಮ ಮೆಟ್ರೊ ಇನ್ನೂ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೋಗಿ ವಾಪಸ್ ಬರುತ್ತಿದೆ. ತಾವು ಕಣ್ಣು ಮುಚ್ಚಿದ್ದಾಗ ಅದು 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಬಂದು, 2023ರಲ್ಲಿ ಚಲ್ಲಘಟ್ಟವನ್ನೂ ಮುಟ್ಟಿತು. ಬಸವೇಶ್ವರನಗರಕ್ಕೆ ಮಾತ್ರ ಬಂದಿಲ್ಲ. ಆ ಒಂದು ವಿಷಯದಲ್ಲಿ ತಮ್ಮ ದಿನಾಂಕ ಸರಿಯಾಗಿಯೇ ಇದೆ ಎಂದು ಒಪ್ಪುತ್ತೇನೆ.

ತಾವು ಹಿಂದೆ ಬಿದ್ದಿರುವುದಕ್ಕೇ ನನ್ನ ತಕರಾರಿಲ್ಲ. ಮಾಗಡಿ ರಸ್ತೆಯಲ್ಲಿ ಸುಂಕದ ಗೇಟು ಎಂದೋ ಹೋಯಿತು. ನಾವು ಇವತ್ತಿಗೂ ಕಂಡಕ್ಟರಿಗೆ "ಟೋಲ್‌ಗೇಟ್ ಒಂದು ಕೊಡಿ" ಅಂತಲೇ ಹೇಳುತ್ತೇವೆ. ತಕರಾರಿರುವುದು ತಾವು ಊರವರ ಮೇಲೆಲ್ಲ ಹೊರಿಸುವ ಆರೋಪಕ್ಕೆ. ಕರೆಂಟ್ ಬಿಲ್ ಕಟ್ಟೋಣವೆಂದರೆ ಆ ಜಾಲತಾಣ ಸುರಕ್ಷಿತವಲ್ಲ. ಬ್ಯಾಂಕಿನದು ತೆರೆದರೆ ಬ್ಯಾಂಕೂ ನಂಬಿಕೆಗೆ ಯೋಗ್ಯವಲ್ಲ. ಪ್ರತಿ ಸುರಕ್ಷಿತ ತಾಣವೂ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ನಮೂದಿಸಿದ ಡಿಜಿಟಲ್ ಪ್ರಮಾಣಪತ್ರ ತೋರಿಸಬೇಕು, 2020ರ ಸೆಪ್ಟೆಂಬರ್‌ನಲ್ಲೇ ಅವುಗಳ ಆಯಸ್ಸನ್ನು 398 ದಿನಕ್ಕೆ ಇಳಿಸಲಾಯಿತು. ಮೊನ್ನೆ ಹುಟ್ಟಿದ ಪ್ರಮಾಣಪತ್ರವನ್ನು 2012ರಲ್ಲಿ ಕೂತು ಪರಿಶೀಲಿಸಿದರೆ ಅದು ಇನ್ನೂ ಜಾರಿಗೇ ಬಂದಿಲ್ಲ. ಆದ್ದರಿಂದ ದೇಶದ ಬ್ಯಾಂಕುಗಳೆಲ್ಲ ಕಳ್ಳರು, ತಾವೊಬ್ಬರೇ ಸಾಚಾ! ಮೊಮ್ಮಗಳ ಜಾತಕ ಸ್ಕ್ಯಾನ್ ಮಾಡಿಟ್ಟರೆ ಅದಕ್ಕೂ 2012ರ ಮೊಹರು ಒತ್ತಿದ್ದೀರಿ. ಅವಳ ಅಪ್ಪ-ಅಮ್ಮ ಆಗಿನ್ನೂ ಪಿಯುಸಿ ಪರೀಕ್ಷೆಗೆ ಓದುತ್ತಿದ್ದರು. ಬೀಗರ ಕಣ್ಣಿಗೆ ಬಿದ್ದರೆ ಏನು ಗತಿ?

ಇಂಟರ್‌ನೆಟ್ ಇದೆಯಲ್ಲ, ಅಲ್ಲಿಂದ ಸಮಯ ಕೇಳಿ ತಿದ್ದಿಕೊಳ್ಳಬಾರದೆ ಎಂದು ವಿಚಾರಿಸಿದಾಗ ಹೊರಬಿದ್ದ ಸಂಗತಿಯೇ ಈ ಪತ್ರಕ್ಕೆ ಮೂಲ. ತಮ್ಮೊಳಗಿನ ವಿಂಡೋಸ್ ಸಮಯ ಸೇವೆಗೆ ಒಂದು ನಿಯಮವಿದೆ. ಹತ್ತು ನಿಮಿಷ, ಎರಡು ಗಂಟೆ ತಪ್ಪಿದ್ದರೆ ತಾನಾಗಿಯೇ ಸರಿಮಾಡುತ್ತದೆ. ವ್ಯತ್ಯಾಸ 54,000 ಸೆಕೆಂಡು, ಅಂದರೆ 15 ಗಂಟೆ ದಾಟಿತೋ, ಮೂಲ ಸೆಟ್ಟಿಂಗಿನ ಪ್ರಕಾರ ತಿದ್ದುಪಡಿಯನ್ನೇ ತಳ್ಳಿಹಾಕುತ್ತದೆ. ಸಣ್ಣ ತಪ್ಪಿಗೆ ತಲೆಬಾಗುವುದು, ದೊಡ್ಡ ತಪ್ಪಿಗೆ ಸೆಟೆದು ನಿಲ್ಲುವುದು! ರಾಜಾಜಿನಗರದ ಪಾರ್ಕಿನಲ್ಲಿ ಬೆಳಿಗ್ಗೆ ಕಲ್ಲುಬೆಂಚು ಹಿಡಿಯುವ ಕೆಲವು ಹಿರಿಯರೂ ತಮ್ಮ ಹಾಗೆಯೇ. ಬಸ್ಸಿನ ನಂಬರ್ ತಪ್ಪೆಂದರೆ ತಿದ್ದಿಸಿಕೊಳ್ಳುತ್ತಾರೆ, ಕಾಲವೇ ಬದಲಾಗಿದೆ ಎಂದರೆ ಶಾಲು ಕೊಡವಿ ಎದ್ದು ಹೋಗುತ್ತಾರೆ.

ಊರಿನ ಹವೆಯೇ ಹೀಗೆ ಎಂಬ ಸಬೂಬು ನಡೆಯುವುದಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ ಕೈಗಡಿಯಾರ ಮಾಡಲು ಶುರುಮಾಡಿದ್ದು ಇದೇ ಬೆಂಗಳೂರಿನಲ್ಲಿ. ದಿನಾ ಬೆಳಿಗ್ಗೆ ಕೀ ಕೊಟ್ಟರೆ ಸಾಕು, ಎಚ್‌ಎಂಟಿ ಜನತಾ ಯಾರ ಪ್ರಮಾಣಪತ್ರವನ್ನೂ ಕೇಳದೆ ಓಡುತ್ತಿತ್ತು. ಈಗಿನ ಸರ್ಕಾರವೂ ಕಾಲದ ವಿಷಯದಲ್ಲಿ ಕಟ್ಟುನಿಟ್ಟು. ಡೇಟಾ ಸೆಂಟರ್‌ಗಳೂ ಸೇವಾ ಕಂಪನಿಗಳೂ ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಭೌತ ಪ್ರಯೋಗಾಲಯದ ಅಥವಾ ಎನ್‌ಐಸಿಯ ಸಮಯ ಸರ್ವರ್‌ಗೆ ಹೊಂದಿಸಿಕೊಳ್ಳಬೇಕೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಹೊರಡಿಸಿದೆ. ಊಟದ ಮೇಜಿಗೆ ಆ ಆದೇಶ ಅನ್ವಯಿಸುವುದಿಲ್ಲ, ಬಚಾವಾದಿರಿ.

ತಮ್ಮ ಪರವಾಗಿ ಹೇಳಬಹುದಾದ ಪೂರ್ವನಿದರ್ಶನ ಒಂದಿದೆ. 2013ರ ಜುಲೈನಲ್ಲಿ ಇಸ್ರೊ ಹಾರಿಸಿದ ಐಆರ್‌ಎನ್‌ಎಸ್‌ಎಸ್-1ಎ ಪಥದರ್ಶಕ ಉಪಗ್ರಹದಲ್ಲಿ ಮೂರು ರುಬಿಡಿಯಂ ಗಡಿಯಾರಗಳಿದ್ದವು, ಮೂರೂ ಕೈಕೊಟ್ಟವು. ಬದಲಿಗೆಂದು 2017ರ ಆಗಸ್ಟ್‌ನಲ್ಲಿ ಕಳಿಸಿದ್ದು ಶಾಖಕವಚ ಬಿಚ್ಚಿಕೊಳ್ಳದೆ ಅದರೊಳಗೇ ಉಳಿಯಿತು. 2018ರಲ್ಲಿ ಇನ್ನೊಂದನ್ನು ಕಳಿಸಬೇಕಾಯಿತು. ಕೊನೆಗೆ ಸ್ವದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ 2023ರ ಮೇ ತಿಂಗಳಲ್ಲಿ ಎನ್‌ವಿಎಸ್-01 ಉಪಗ್ರಹದ ಜೊತೆ ಮೇಲೇರಿತು. ಆದರೆ ಮಾನ್ಯರೇ, ಅಲ್ಲಿಗೆ ಸ್ಕ್ರೂಡ್ರೈವರ್ ಹಿಡಿದು ಹೋಗಲು ಆಗುತ್ತಿರಲಿಲ್ಲ. ತಮಗೆ ಆ ಭಾಗ್ಯವಿದೆ.

ತಮ್ಮನ್ನು ವಿಜಯನಗರದ ಒಂದು ರಿಪೇರಿ ಅಂಗಡಿಗೆ ಹೊತ್ತೊಯ್ದಾಗ, ಮುಚ್ಚಳವನ್ನೂ ತೆಗೆಯದೆ "ಬೋರ್ಡ್ ಹೋಗಿದೆ ಸಾರ್, ಇದಕ್ಕೆ ದುಡ್ಡು ಹಾಕ್ಬೇಡಿ, ಎಕ್ಸ್‌ಚೇಂಜ್‌ಗೆ ಕೊಟ್ಬಿಡಿ" ಎಂದರು. ಮೇಲಿನ ಮನೆಯ ಇಂಜಿನಿಯರಿಂಗ್ ಹುಡುಗನೇ ವಾಸಿ, ಮೊದಲು ಪ್ರಶ್ನೆ ಕೇಳಿದ. "ಎಷ್ಟು ತಪ್ಪುತ್ತೆ ಅಂಕಲ್? ಕರೆಕ್ಟಾಗಿ ಐದೂವರೆ ಗಂಟೆನಾ?" ಹಾಗಿದ್ದರೆ ಅದು ವಿಂಡೋಸ್ ಮತ್ತು ಲಿನಕ್ಸ್ ಒಂದೇ ಮನೆಯಲ್ಲಿದ್ದಾಗಿನ ಜಗಳವಂತೆ, ಒಬ್ಬರು ಬೋರ್ಡಿನ ಗಡಿಯಾರದಲ್ಲಿ ಭಾರತದ ಸಮಯ ಬರೆದಿಟ್ಟರೆ ಇನ್ನೊಬ್ಬರು ಅದನ್ನೇ ಯುಟಿಸಿ ಎಂದು ಓದುತ್ತಾರೆ. ತಮ್ಮದು ಹಾಗಲ್ಲ, ಪ್ರತಿ ಸಲವೂ ಒಂದೇ ದಿನಾಂಕಕ್ಕೆ ಬೀಳುವುದು. "ಹಾಗಾದ್ರೆ ಸಿಮಾಸ್ ಸೆಲ್" ಎಂದು ತೀರ್ಪು ಕೊಟ್ಟ. ದೊಡ್ಡ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿ, ತಾವು ಚಾರ್ಜರ್ ವೈರಿನ ಮೇಲೆಯೇ ಬದುಕಿದ್ದಿರಿ. ಹಾಗಾಗಿ ಕರೆಂಟ್ ಹೋದ ಕೂಡಲೇ ಕಾಲವೂ ಹೋಗುತ್ತಿತ್ತು.

ಹಿಂಬದಿ ಸ್ಕ್ರೂ ಬಿಚ್ಚಿದಾಗ ಧೂಳಿನ ನಡುವೆ ಹಳದಿ ಪ್ಲಾಸ್ಟಿಕ್ ಸುತ್ತಿಕೊಂಡು, ಕೆಂಪು ಕಪ್ಪು ಎರಡು ವೈರು ಇಳಿಬಿಟ್ಟು ಮೂಲೆಯಲ್ಲಿ ಅಂಟಿಕೊಂಡಿತ್ತು ಅಪರಾಧಿ. ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದಲ್ಲಿ 1 ತೋರಿಸಲೂ ಪೇಚಾಡಿತು. ಇದರ ಕೆಲಸ ಇಷ್ಟೇ: ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳಿಗೆ, ತಾವು ಆಫ್ ಆಗಿರುವಾಗ ಒಂದಿಷ್ಟು ಜೀವ ಕೊಡುವುದು. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ ಉಳಿಯುವುದು ಒಂದು, ಅದೇ ಒಂದು ಸೆಕೆಂಡು. ಇಡೀ ಕಚೇರಿಯಲ್ಲಿ ರಾತ್ರಿ ಪಾಳಿ ಮಾಡುವ ಏಕೈಕ ನೌಕರ ಇವನೇ, ಇವನಿಗಿಲ್ಲ ಬಡ್ತಿ, ಇವನ ಹೆಸರೂ ಯಾರಿಗೂ ಗೊತ್ತಿಲ್ಲ. ಅವನು ನಿವೃತ್ತನಾದದ್ದಕ್ಕೆ ಕಚೇರಿಯನ್ನೇ ಗುಜರಿಗೆ ಹಾಕಿ ಎಂದು ಸಲಹೆ ಕೊಟ್ಟವರಿದ್ದಾರೆ, ನೆನಪಿರಲಿ.

ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ. ಒಂದೆರಡು ಮಸಾಲೆ ದೋಸೆಯ ದುಡ್ಡಿನಲ್ಲಿ ವೈರು ಸಮೇತ ಹೊಸ ಸೆಲ್ ತರಲಾಗುವುದು. ಚಾರ್ಜರ್ ಕಿತ್ತು, ಸತ್ತ ದೊಡ್ಡ ಬ್ಯಾಟರಿಯನ್ನೂ ಬೇರ್ಪಡಿಸಿದ ಮೇಲೆಯೇ ಅದನ್ನು ಕೂರಿಸಲಾಗುವುದು. ಹಳೇ ಸೆಲ್ ಮೊಮ್ಮಗಳ ಕೈಗೆ ಸಿಗದಂತೆ ಆ ಕ್ಷಣವೇ ಎತ್ತಿಡಲಾಗುವುದು. ಮಕ್ಕಳು ನುಂಗಿದರೆ ಅನ್ನನಾಳ ಸುಡುತ್ತದೆ, ಇದರಲ್ಲಿ ತಮಾಷೆ ಇಲ್ಲ. ಆನ್ ಮಾಡಿದ ತಕ್ಷಣ ಬಯೋಸ್‌ಗೆ ಹೋಗಿ ದಿನಾಂಕವನ್ನು ಕೈಯಿಂದಲೇ ಹಾಕಲಾಗುವುದು, ಆಮೇಲೆ ಉಳಿದ ಸೆಕೆಂಡುಗಳನ್ನು ಇಂಟರ್‌ನೆಟ್ಟಿನಿಂದ ಕೇಳಿ ತಿದ್ದಿಕೊಳ್ಳುವುದು ತಮ್ಮ ಜವಾಬ್ದಾರಿ. ಬ್ಯಾಂಕುಗಳ ಮೇಲಿನ ಆರೋಪಗಳನ್ನು ಅದೇ ದಿನ ವಾಪಸ್ ಪಡೆಯತಕ್ಕದ್ದು.

ಇಂತಿ ತಮ್ಮ ವಿಶ್ವಾಸಿ,
ಮನೆ ಯಜಮಾನ (ಕರೆಂಟ್ ಬಿಲ್ ಬಾಕಿ ಉಳಿಸಿಕೊಂಡವನು)

ಪ್ರತಿ: ಅಡುಗೆಮನೆಯ ಗೋಡೆ ಗಡಿಯಾರಕ್ಕೆ, ಮಾಹಿತಿಗಾಗಿ. ತಾವು ಹತ್ತು ನಿಮಿಷ ಮುಂದಿರುವುದು ಮನೆಯಾಕೆಯ ಆದೇಶದ ಮೇರೆಗೆ ಎಂದು ತಿಳಿದುಬಂದಿರುವುದರಿಂದ ತಮ್ಮ ಮೇಲೆ ಯಾವುದೇ ಕ್ರಮವಿಲ್ಲ.