ನಿತ್ಯ ಪೈಥಾನ್ ವಿದ್ಯಾರ್ಥಿ

ಬೆಂಗಳೂರಿನ ಪಿಜಿಗಳಲ್ಲಿ, ಮೆಟ್ರೋದಲ್ಲಿ, ಸಂಬಳ ಏರದ ಆಫೀಸುಗಳಲ್ಲಿ ಹೇರಳವಾಗಿ ಕಾಣಸಿಗುವ ಜೀವಿ ನಿತ್ಯ ಪೈಥಾನ್ ವಿದ್ಯಾರ್ಥಿ. ಏನಪ್ಪಾ ಸಮಾಚಾರ ಎಂದು ಯಾವ ವರ್ಷ ಕೇಳಿದರೂ 'ಪೈಥಾನ್ ಕಲೀತಿದ್ದೀನಿ' ಎನ್ನುತ್ತಾನೆ.

ಕಲಿಕೆ ಶುರುವಾಗುವುದು ಸಿದ್ಧತೆಯಿಂದ. ಎಡಿಟರ್ ಇಳಿಸಿಕೊಂಡು, ಅದರ ಹಿನ್ನೆಲೆ ಕಪ್ಪಿರಬೇಕೋ ಕಡುನೀಲಿಯೋ ಎಂದು ತೀರ್ಮಾನಿಸುವುದಕ್ಕೇ ಒಂದು ಶನಿವಾರ ಬೇಕು. ಆಮೇಲೆ ಪರದೆಯ ಮೇಲೆ 'ಹಲೋ ವರ್ಲ್ಡ್' ಮೂಡಿಸುವ ಪಾಠ. ಕರ್ನಿಗನ್ ಮತ್ತು ರಿಚಿಯವರ 1978ರ ಸಿ ಭಾಷೆಯ ಪುಸ್ತಕ ಮನೆಮಾತಾಗಿಸಿದ ಈ ಅಭ್ಯಾಸಕ್ಕೆ ಪೈಥಾನ್‌ನಲ್ಲಿ ಒಂದೇ ಸಾಲು ಸಾಕು. ಸ್ಕ್ರೀನ್‌ಶಾಟ್ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ದೊಡ್ಡಪ್ಪ ಕೈಮುಗಿದ ಎಮೋಜಿ ಹಾಕುತ್ತಾರೆ.

ಚರಿತ್ರೆಯಲ್ಲಿ ಈತ ಗಟ್ಟಿಗ. ಗಿಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಗೆ ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ, ಬ್ರಿಟನ್ನಿನ ಟಿವಿ ಹಾಸ್ಯ ಕಾರ್ಯಕ್ರಮದಿಂದ ಎಂದು ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಾನೆ. ಒಂದು ಲೂಪ್ ಬರೆದು ತೋರಿಸು ಎಂದರೆ ಮಾತ್ರ ಟೀ ಆರಿಹೋಗುತ್ತಿರುತ್ತದೆ.

ತಕರಾರೆಲ್ಲ ಅಭ್ಯಾಸದ್ದು. ಸಂಬಳ ಎಷ್ಟೆಂದು ಕೇಳಿ, ಅದರ ಎರಡರಷ್ಟು ತೋರಿಸುವ ಪ್ರೋಗ್ರಾಂ ಬರೆಯಬೇಕು. 40000 ಎಂದು ಒತ್ತಿದರೆ ಪರದೆಯಲ್ಲಿ ಬರುವುದು 4000040000, ಅಂದರೆ ನಾನೂರು ಕೋಟಿ ನಲವತ್ತು ಸಾವಿರ. ಈ ಮೊತ್ತವನ್ನು ತಿದ್ದಲು ಯಾರಿಗೆ ತಾನೆ ಮನಸ್ಸು ಬಂದೀತು? ಇನ್‌ಪುಟ್ ಮೂಲಕ ಒಳಬಂದದ್ದೆಲ್ಲ ಪೈಥಾನ್‌ಗೆ ಬರೀ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಎರಡರಿಂದ ಗುಣಿಸು ಎಂದರೆ ಅದನ್ನೇ ಎರಡು ಸಲ ಬರೆದು ಕೈತೊಳೆದುಕೊಳ್ಳುತ್ತದೆ. ಮೊದಲು 'ಇಂಟ್' ಹಚ್ಚಿ ಸಂಖ್ಯೆ ಮಾಡಿಕೊಳ್ಳಬೇಕು. ತಾನೇ ತಿಣುಕಿ ಇದನ್ನು ಕಂಡುಕೊಂಡವನು ಜನ್ಮದಲ್ಲಿ ಮರೆಯುವುದಿಲ್ಲ. ನಮ್ಮ ವಿದ್ಯಾರ್ಥಿಗೆ ಅಷ್ಟು ತಾಳ್ಮೆ ಎಲ್ಲಿಯದು? ವಿಡಿಯೊದ ಮೇಷ್ಟ್ರು ತಪ್ಪು ತಿದ್ದುವುದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿ, 'ಓ, ಇಷ್ಟೇನಾ' ಎಂದು ಮುಂದಿನ ಪಾಠ ಒತ್ತುತ್ತಾನೆ.

ಸಾಲಿನ ಮೊದಲಲ್ಲಿ ಬಿಡುವ ಖಾಲಿ ಜಾಗವನ್ನೂ ಪೈಥಾನ್ ಲೆಕ್ಕಕ್ಕಿಡುತ್ತದೆ. ಒಂದು ಸ್ಪೇಸ್ ಹೆಚ್ಚಾದರೂ ಮುನಿಸು. ತಪ್ಪು ಎಷ್ಟನೆಯ ಸಾಲಿನಲ್ಲಿದೆ ಎಂದು ಎರರ್ ಸಂದೇಶವೇ ಹೇಳುತ್ತದೆ. ಈತ ಅದನ್ನು ಓದದೆ ಗೆಳೆಯನಿಗೆ ಕಳಿಸುತ್ತಾನೆ, ಅದೂ ಮೊಬೈಲಿನಲ್ಲಿ ಓರೆಯಾಗಿ ಫೋಟೊ ತೆಗೆದು, ಸಾಲಿನ ನಂಬರು ಬಿಟ್ಟುಹೋಗುವಂತೆ.

ಫಂಕ್ಷನ್ ಪಾಠ ಬರುವ ಹೊತ್ತಿಗೆ ದೀಪಾವಳಿಗೆ ಊರಿಗೆ ಹೋಗುವುದಿರುತ್ತದೆ. ವಾಪಸು ಬಂದಾಗ ಯಾರೋ 'ಈಗೇನಿದ್ರೂ ರಸ್ಟ್ ಮಗಾ' ಎನ್ನುತ್ತಾರೆ. ಅಂದು ರಾತ್ರಿಯೇ ರಸ್ಟ್ ಎಂಬ ಆ ಭಾಷೆ ಇನ್‌ಸ್ಟಾಲ್ ಆಗುತ್ತದೆ, ರೆಸ್ಯೂಮೆಯಲ್ಲಿ ಪೈಥಾನ್ ಎದುರು 'ಪರಿಣತ' ಎಂದು ಸೇರುತ್ತದೆ.