ಕೊತ್ತಂಬರಿ ಸೊಪ್ಪು ತರಲು ಹೋದವರು

ಗಾಂಧಿ ಬಜಾರಿನಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಲು ಬಸವನಗುಡಿಯವನಿಗೆ ಎಷ್ಟು ಹೊತ್ತು ಬೇಕು? ಚೌಕಾಸಿ ಸೇರಿಸಿ ಇಪ್ಪತ್ತು ನಿಮಿಷ. ನಮ್ಮ ಪಕ್ಕದ ಮನೆಯ ನಡಿಗೆರಾಯರಿಗೆ ಮೂರೂವರೆ ಗಂಟೆ. ಕೆಲವು ದಿನ ಸೊಪ್ಪು ಬರುವುದೇ ಇಲ್ಲ. ಅದರ ಬದಲು ಕೆಂಪೇಗೌಡರ ಕಾಲದ ಒಂದು ಸಮಾಚಾರ ಬರುತ್ತದೆ.

ನಡಿಗೆರಾಯರು ಅನ್ನುವುದು ಬೀದಿಯವರು ಇಟ್ಟ ಹೆಸರು. ಇಂಥವರು ಬೆಂಗಳೂರಿನ ಹಳೇ ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲೋ ಸೆಕ್ರೆಟೇರಿಯಟ್ಟಿನಲ್ಲೋ ಮೂವತ್ತೈದು ವರ್ಷ ಕೂತು ರಿಟೈರಾದವರು. ಸಕ್ಕರೆ ಕಾಯಿಲೆಗೆ ಡಾಕ್ಟರು ‘ದಿನಾ ನಡೀರಿ’ ಅಂದದ್ದೇ ತಡ, ಊರನ್ನೆಲ್ಲ ಪಿತ್ರಾರ್ಜಿತ ಆಸ್ತಿಯಂತೆ ಅಳೆಯಲು ಹೊರಟವರು. ಕಾಲಿಗೆ ಕ್ಯಾನ್ವಾಸ್ ಶೂ, ತಲೆಗೆ ಮಂಕಿ ಕ್ಯಾಪು, ಒಂದು ಕೈಯಲ್ಲಿ ಯಾರದೋ ಮದುವೆಯ ತಾಂಬೂಲದ ಚೀಲ, ಇನ್ನೊಂದರಲ್ಲಿ ಛತ್ರಿ. ಛತ್ರಿ ಮಳೆಗಲ್ಲ, ತೋರಿಸುವುದಕ್ಕೆ.

ಇವರೆದುರು ಅಪ್ಪಿತಪ್ಪಿಯೂ ‘ಬೆಂದಕಾಳೂರು’ ಅನ್ನಬಾರದು. ಅಂದರೆ ನಿಂತಲ್ಲೇ ಬೇಗೂರಿನ ಶಾಸನ ಶುರುವಾಗುತ್ತದೆ. “ಗಂಗರ ಕಾಲದ ವೀರಗಲ್ಲು ಕಣ್ರೀ, 1,100 ವರ್ಷ ಹಳೇದು. ಅದರಲ್ಲಿ ಬೆಂಗಳೂರು ಅಂತಲೇ ಇದೆ. ಬಲ್ಲಾಳರಾಯನಿಗೆ ಅಜ್ಜಿ ಕಾಳು ಬೇಯಿಸಿಕೊಟ್ಟಳಂತೆ! ಒಲೆ ಹಚ್ಚೋದಕ್ಕೆ ಮುಂಚೇನೇ ಊರಿಗೆ ಹೆಸರಿತ್ತು!” ಆ ಅಜ್ಜಿಯ ಮೇಲೆ ಅವರಿಗಿರುವ ಸಿಟ್ಟು ನೋಡಿದರೆ, ಸಾಲ ತೀರಿಸದೆ ಊರು ಬಿಟ್ಟವಳೇನೋ ಅನ್ನಿಸಬೇಕು.

ಹೋದ ಕಾರ್ತಿಕದಲ್ಲಿ ಒಂದು ಶುಕ್ರವಾರ ನಾನು ರಜೆ ಹಾಕಿ, ಗೇಟಿನ ಹತ್ತಿರ ಪೇಪರಿಗೆ ಬಗ್ಗಿದ್ದೇ ತಪ್ಪಾಯಿತು. “ಬನ್ನಿ, ಇಲ್ಲೇ ಬಜಾರಿಗೆ ಹೋಗಿ ಬರೋಣ” ಅಂದರು. ಬಜಾರು ಬಲಕ್ಕೆ. ರಾಯರು ಎಡಕ್ಕೆ ತಿರುಗಿದರು.

ಏಳೂವರೆಗೆ ನಾವು ಲಾಲ್‌ಬಾಗಿನ ಬಂಡೆಯ ಮೇಲಿದ್ದೆವು. “ಏನು ಕಾಣಿಸ್ತಿದೆ?”

“ಗೋಪುರ.”

“ಗೋಪುರ ಎಲ್ಲರಿಗೂ ಕಾಣಿಸುತ್ತೆ. ಕಾಲ ಕೆಳಗೆ ನೋಡಿ. 300 ಕೋಟಿ ವರ್ಷದ ಕಲ್ಲು. ಹಿಮಾಲಯ ಇದರ ಮುಂದೆ ಮೊನ್ನೆ ಹುಟ್ಟಿದ ಕೂಸು!”

“ಹಾಗಾದ್ರೆ ಸ್ವಲ್ಪ ಕೂತ್ಕೋತೀನಿ. ಇಷ್ಟು ದಿನ ಇದ್ದದ್ದು ಇನ್ನೈದು ನಿಮಿಷ ಎಲ್ಲಿಗೂ ಹೋಗಲ್ಲ” ಅಂದೆ. ಕೂತೆ. ಕಲ್ಲು ಇನ್ನೂ ತಣ್ಣಗಿತ್ತು, ಬೂದುಬಣ್ಣದ ಮೈಮೇಲೆ ಬಿಳಿಯ ಗೆರೆಗಳು, ರಾಗಿ ಮುದ್ದೆಗೆ ಅಕ್ಕಿ ನುಚ್ಚು ಸೇರಿದ ಹಾಗೆ. ಇಪ್ಪತ್ತು ವರ್ಷದಿಂದ ಫಲಪುಷ್ಪ ಪ್ರದರ್ಶನಕ್ಕೆ ಬರುತ್ತಿದ್ದೇನೆ. ಈ ಗೆರೆ ನೋಡಿರಲಿಲ್ಲ. ಅದನ್ನು ರಾಯರಿಗೆ ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಮಧ್ಯಾಹ್ನವಾಗುತ್ತಿತ್ತು.

ವಾಪಸು ಬರುವಾಗ ಒಂದು ಹಳೇ ಮನೆಯ ಮುಂದೆ ನಿಂತರು. ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮಾಡು, ಬೆಂಗಳೂರಿನವರು ಮಂಕಿ ಟಾಪ್ ಅನ್ನುತ್ತಾರಲ್ಲ, ಅದು. ಮಂಕಿ ಕ್ಯಾಪು ಮಂಕಿ ಟಾಪನ್ನು ನೋಡುತ್ತ ನಿಂತು ಎರಡು ನಿಮಿಷವಾಗಿರಬೇಕು, ಒಳಗಿನಿಂದ ವಯಸ್ಸಾದ ಹೆಂಗಸೊಬ್ಬರು ಬಂದು, “ಮಾರೋದಿಲ್ಲಪ್ಪಾ, ಎಷ್ಟು ಸಲ ಹೇಳೋದು?” ಅಂದರು. ಈ ಊರಲ್ಲಿ ಮನೆಯನ್ನು ಸುಮ್ಮನೆ ನೋಡುವವನೂ ಇರಬಹುದು ಅಂತ ಯಾರೂ ನಂಬುವುದಿಲ್ಲ. ನೋಡಿದವನು ಬ್ರೋಕರ್, ಇಲ್ಲವೇ ಕಾರ್ಪೊರೇಷನ್ನಿನವನು. ರಾಯರು ಛತ್ರಿಯೆತ್ತಿ ಆ ಪಟ್ಟಿಗಳ ಕೆಲಸ ವಿವರಿಸತೊಡಗಿದರು. ಆಕೆ ಹತ್ತು ನಿಮಿಷ ಕೇಳಿ, “ಗೆದ್ದಲಿಗೆ ಏನು ಹಾಕ್ಬೇಕು, ಅದು ಗೊತ್ತಾ?” ಅಂದರು. ಗೊತ್ತಿರಲಿಲ್ಲ. ಕತ್ತೆತ್ತಿಕೊಂಡೇ ಹಿಂದೆ ಸರಿದ ರಾಯರು, ಫುಟ್‌ಪಾತಿನ ಎರಡು ಚಪ್ಪಡಿಗಳ ನಡುವೆ ಮೊಣಕಾಲವರೆಗೆ ಇಳಿದರು.

ಎತ್ತಿ ನಿಲ್ಲಿಸಿ, ಹೊಟ್ಟೆ ಚುರುಗುಟ್ಟುತ್ತಿದೆ ಅಂದೆ. “ವಿದ್ಯಾರ್ಥಿ ಭವನ ಇರುವಾಗ ಯೋಚನೆಯೇ!” ಅಂದರು. ದಾರಿಯುದ್ದಕ್ಕೂ ಆ ದೋಸೆಯ ವರ್ಣನೆ: ಅಂಚಿನ ಗರಿಗರಿ, ಚಟ್ನಿಯ ತೆಳುವು, ಮಾಣಿ ತೋಳಿನುದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುವ ವೈಖರಿ. ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ಶುಕ್ರವಾರ ಅಲ್ಲಿಗೆ ರಜೆ ಅನ್ನುವುದು ಬಸವನಗುಡಿಯ ಮಗುವಿಗೂ ಗೊತ್ತು. ರಾಯರು ಮುಚ್ಚಿದ ಬಾಗಿಲಿಗೂ ಛತ್ರಿ ತೋರಿಸಿ, “1943ರಲ್ಲಿ ಶುರುವಾಯಿತು” ಅಂದರು.

ನನ್ನ ಮುಖ ನೋಡಿ ಅವರಿಗೇ ಕನಿಕರವಾಗಿರಬೇಕು. “ಬೇಗ ಮನೆ ಸೇರೋಕೆ ಒಂದು ದಾರಿಯಿದೆ. ಹೋದ ವಾರ ಕಂಡುಹಿಡಿದೆ. ಯಾರಿಗೂ ಗೊತ್ತಿಲ್ಲ” ಅಂತ ದನಿ ತಗ್ಗಿಸಿದರು. ಎರಡು ಸಾಲು ಮನೆಗಳ ಬೆನ್ನ ನಡುವೆ, ಸ್ಕೂಟರು ಮಾತ್ರ ನುಗ್ಗುವಷ್ಟು ಕಿರಿದಾದ ಕನ್ಸರ್ವೆನ್ಸಿ ಗಲ್ಲಿ. 1898ರ ಪ್ಲೇಗಿನ ಮೇಲೆ ಗಾಳಿ ಬೆಳಕು ಇರಲೆಂದು ಕಟ್ಟಿದ ಬಡಾವಣೆ ಇದು. ಮುಂಬಾಗಿಲಿಗೆ ಅಗಲವಾದ ರಸ್ತೆ. ಮಲ ಹೊರುವವರಿಗೆ ಮಾತ್ರ ಹಿಂದಿನಿಂದ ಈ ದಾರಿ. ಇದನ್ನು ಹೇಳುವಾಗ ರಾಯರು ಛತ್ರಿ ಎತ್ತಲಿಲ್ಲ. ಹಿತ್ತಿಲ ಗೋಡೆಗಳಾಚೆಯಿಂದ ಒಗ್ಗರಣೆಯ ವಾಸನೆ, ಯಾರದೋ ಕುಕ್ಕರಿನ ಮೂರನೇ ಸೀಟಿ. ಕಾಲ ಕೆಳಗೆ ಉದುರಿದ ಆಕಾಶಮಲ್ಲಿಗೆ. ಒಪ್ಪಿಕೊಳ್ಳಬೇಕು, ಚೆನ್ನಾಗಿತ್ತು.

ಅರ್ಧ ದಾರಿಗೆ ಬಂದಿದ್ದೆವು. ಎದುರಿನಿಂದ ರಾಯರ ಹೆಂಡತಿ ಬರುತ್ತಿದ್ದರು. ಕೈಚೀಲದಿಂದ ಕೊತ್ತಂಬರಿ ಸೊಪ್ಪು ಇಣುಕುತ್ತಿತ್ತು. ಸೆರಗಿನ ತುದಿಯಲ್ಲಿ ಒಂದು ಹಿಡಿ ಆಕಾಶಮಲ್ಲಿಗೆ.

“ನಿಂಗೆ ಹೇಗೇ ಗೊತ್ತು ಈ ದಾರಿ?” ರಾಯರ ದನಿಯೇ ಬದಲಾಗಿತ್ತು.

“ಮದುವೆಯಾಗಿ ಬಂದಾಗಿನಿಂದ ಬಜಾರಿಗೆ ನಾನು ಹೋಗೋದೇ ಇದರಲ್ಲಿ. ಇವತ್ತು ಬರ್ತಾ ಆ ಕಡೆ ಗಿರಣೀಲಿ ಹಿಟ್ಟಿಗೆ ಕೊಟ್ಟು ಬರೋಣ ಅಂತ ತಿರುಗಿದೆ, ಅಷ್ಟೆ” ಅಂದರು ಆಕೆ. “ದೊಡ್ಡ ರಸ್ತೇಲಿ ಹೋದ್ರೆ ನಿಮ್ಮಂಥೋರು ಯಾರಾದ್ರೂ ನಿಲ್ಲಿಸಿಕೊಂಡು ಮಾತಾಡ್ತಾರೆ.”

ರಾಯರು ಛತ್ರಿಯನ್ನು ಕಂಕುಳಿಗೆ ಸೇರಿಸಿ, ಕೈಚೀಲ ಇಸಿದುಕೊಂಡು ಹಿಂದೆ ನಡೆದರು.